ಬೆಟ್ಟದಿಂದ ಮನೆಗೆ ಬಂದ ಚಿತ್ರಾನ್ನ: ಮೈಕ್ರೋವೇವ್ ಏನು ಮಾಡಬಲ್ಲದು, ಏನು ಮಾಡಲಾರದು?

ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ಹೋದರೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಸಿಗುತ್ತದೆ. ಕೆಂಪೇಗೌಡರ ನವದುರ್ಗಗಳಲ್ಲಿ ಇದೂ ಒಂದು. ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿ, ತುದಿಯ ಶಂಕರೇಶ್ವರನ ಗುಡಿಯವರೆಗೆ ಹತ್ತುವವರ ಬೆನ್ನಚೀಲಗಳಲ್ಲಿ ನೀರಿನ ಬಾಟಲಿಯ ಪಕ್ಕದಲ್ಲೇ ಇನ್ನೊಂದು ವಸ್ತು ಇರುತ್ತದೆ: ಚಿತ್ರಾನ್ನದ ಡಬ್ಬಿ.

ನಾವೂ ಹಾಗೇ ಒಯ್ದಿದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ಕಲಸಿದ ಚಿತ್ರಾನ್ನ. ಹತ್ತು ಗಂಟೆಯ ಹೊತ್ತಿಗೆ ಬಂಡೆಯ ಮೇಲೆ ಕೂತು ಹೊಟ್ಟೆ ತುಂಬ ತಿಂದೆವು. ಉಳಿದದ್ದನ್ನು ಮುಚ್ಚಿ ಚೀಲಕ್ಕೆ ಹಾಕಿ ಇಳಿದೆವು. ಮಧ್ಯಾಹ್ನವೆಲ್ಲ ಡಬ್ಬಿ ಬಿಸಿಲಲ್ಲಿ ನಿಂತ ಕಾರಿನೊಳಗಿತ್ತು. ಸಂಜೆ ಆರಕ್ಕೆ ಮನೆ ಸೇರಿದಾಗ ಯಾರೋ ಅಂದರು: "ಎಸೆಯೋದ್ಯಾಕೆ? ಎರಡು ನಿಮಿಷ ಮೈಕ್ರೋವೇವಲ್ಲಿಟ್ಟರೆ ಆಯ್ತು." ಚಿತ್ರಾನ್ನ ಹಬೆಯಾಡುತ್ತಾ ಹೊರಗೆ ಬಂತು. ವಾಸನೆ ಕೆಟ್ಟಿರಲಿಲ್ಲ, ರುಚಿಯೂ ಚೆನ್ನಾಗಿಯೇ ಇತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಅದನ್ನು ತಿಂದ ಇಬ್ಬರಿಗೆ ವಾಂತಿ ಶುರುವಾಯಿತು. ತಿನ್ನದವರಿಗೆ ಏನೂ ಆಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನಕ್ಕೆ ಇಬ್ಬರೂ ಸುಧಾರಿಸಿಕೊಂಡರು. ಪ್ರಯೋಗಾಲಯದ ಪರೀಕ್ಷೆ ಇಲ್ಲದೆ ಚಿತ್ರಾನ್ನವೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಆದರೆ ಅಂದು ನಮ್ಮೆಲ್ಲರ ತಲೆಯಲ್ಲಿ ಒಂದೇ ಪ್ರಶ್ನೆ: ಅಷ್ಟು ಬಿಸಿ ಮಾಡಿದ ಮೇಲೂ ಹೀಗಾಗಲು ಸಾಧ್ಯವೇ?

ಸಾಧ್ಯ. ಏಕೆಂದರೆ ಉಳಿದ ಆಹಾರವನ್ನು ಬಿಸಿ ಮಾಡುವುದು ಅದರ ಕಥೆಯ ಕೊನೆಯ ಅಧ್ಯಾಯ ಮಾತ್ರ. ಅದಕ್ಕೂ ಮೊದಲು ಅದು ಎಲ್ಲಿತ್ತು, ಎಷ್ಟು ಹೊತ್ತು ಇತ್ತು ಎನ್ನುವುದನ್ನು ಮೈಕ್ರೋವೇವ್ ಬದಲಾಯಿಸಲಾರದು. ಹಾಗೆಂದು ಈ ಯಂತ್ರವನ್ನು ದೂರುವುದೂ ಸರಿಯಲ್ಲ. ಸರಿಯಾಗಿ ಬಳಸಿದರೆ ಒಂದು ತಟ್ಟೆ ಊಟ ಬಿಸಿ ಮಾಡಲು ಅದಕ್ಕಿಂತ ಒಳ್ಳೆಯ ಸಾಧನ ಅಡುಗೆಮನೆಯಲ್ಲಿಲ್ಲ. ಎರಡನ್ನೂ ಈಗ ಬಿಡಿಸಿ ನೋಡೋಣ.

ಪೆಟ್ಟಿಗೆಯೊಳಗೆ ನಡೆಯುವುದೇನು?

ಮೈಕ್ರೋವೇವ್ ಒಲೆ ಹುಟ್ಟಿದ್ದು ಯುದ್ಧದ ಕೆಲಸದಿಂದ. 1940ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬ ವಿಜ್ಞಾನಿಗಳು ರೇಡಾರ್‌ಗಾಗಿ ಶಕ್ತಿಶಾಲಿ ಮ್ಯಾಗ್ನೆಟ್ರಾನ್ ರೂಪಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿದ್ದ ಪರ್ಸಿ ಸ್ಪೆನ್ಸರ್ ಇದೇ ಮ್ಯಾಗ್ನೆಟ್ರಾನಿನಿಂದ ಆಹಾರ ಬಿಸಿ ಮಾಡಬಹುದೆಂದು ಕಂಡುಕೊಂಡು 1945ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಮೊದಲು ಮಾರಾಟಕ್ಕೆ ಬಂದ ಒಲೆ ಆಳೆತ್ತರವಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಪುಟ್ಟ ಒಲೆ ಬಂದದ್ದು 1967ರಲ್ಲಿ.

ಒಳಗಿನ ಕೆಲಸ ಸರಳ. ಮ್ಯಾಗ್ನೆಟ್ರಾನ್ 2.45 ಗಿಗಾಹರ್ಟ್ಸ್ ಆವರ್ತನದ ಅಲೆಗಳನ್ನು ಹೊರಸೂಸುತ್ತದೆ. ಅಂದರೆ ಅಲೆಯ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಬಾರಿ ಅತ್ತಿಂದಿತ್ತ ತೂಗುತ್ತದೆ. ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಆ ಕ್ಷೇತ್ರದ ಜೊತೆ ತಿರುಗಲು ಅಣುಗಳು ತಿಣುಕುತ್ತವೆ, ಪಕ್ಕದ ಅಣುಗಳನ್ನು ತಳ್ಳುತ್ತವೆ. ಈ ನೂಕುನುಗ್ಗಲೇ ಶಾಖ. ಉಪ್ಪಿನ ಅಯಾನುಗಳೂ ಹೀಗೆ ಓಲಾಡಿ ಶಾಖಕ್ಕೆ ತಮ್ಮ ಪಾಲು ಸೇರಿಸುತ್ತವೆ. ಗಾಜು, ಪಿಂಗಾಣಿಗಳು ಅಲೆಗಳನ್ನು ಹೆಚ್ಚು ಹೀರುವುದಿಲ್ಲ. ಬಟ್ಟಲು ಬಿಸಿಯಾಗುವುದು ಬಹುಮಟ್ಟಿಗೆ ಅದರಲ್ಲಿರುವ ಸಾರು ಬಿಸಿಯಾದದ್ದರಿಂದ.

ನೀರು ಗಟ್ಟಿಯಾಗಿ ಮಂಜುಗಡ್ಡೆಯಾದರೆ ಅದರ ಅಣುಗಳು ಬಿಗಿಯಾಗಿ ಕೂತಿರುತ್ತವೆ, ತಿರುಗಲು ಜಾಗವಿಲ್ಲ. ಹಾಗಾಗಿ ಮಂಜುಗಡ್ಡೆ ಅಲೆಗಳನ್ನು ಬಹಳ ಕಡಿಮೆ ಹೀರುತ್ತದೆ. ಫ್ರೀಜರಿನಿಂದ ತೆಗೆದ ಹುಳಿಯನ್ನು ನೇರವಾಗಿ ಇಟ್ಟರೆ ಒಂದು ಮೂಲೆ ಕೊತಕೊತ ಕುದಿಯುವಾಗ ಮಧ್ಯದಲ್ಲಿ ಗಡ್ಡೆ ಹಾಗೇ ಉಳಿಯುವುದು ಇದರಿಂದ. ಮೊದಲು ಕರಗಿದ ಜಾಗವೇ ಹೆಚ್ಚು ಶಕ್ತಿ ಹೀರಿ ಮತ್ತಷ್ಟು ಬಿಸಿಯಾಗುತ್ತದೆ. ಇಂಥ ಆಹಾರವನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

"ಒಳಗಿನಿಂದ ಬೇಯುತ್ತದೆ" ಎಂಬುದು ನಿಜವೇ?

ಇದು ಬಹಳ ಜನ ನಂಬಿರುವ ಮಾತು. ಪರೀಕ್ಷಿಸಲು ನಮ್ಮ ಊರುಗಳಲ್ಲಿ ರಾಗಿಮುದ್ದೆಗಿಂತ ಒಳ್ಳೆಯ ವಸ್ತು ಬೇಕಿಲ್ಲ. ರಾತ್ರಿ ಉಳಿದು ಫ್ರಿಜ್ಜಿನಲ್ಲಿದ್ದ ಮುದ್ದೆಯನ್ನು ಇಡಿಯಾಗಿ ಒಂದು ನಿಮಿಷ ಬಿಸಿ ಮಾಡಿ, ಮುರಿದು ನೋಡಿ. ಹೊರಗಿನ ಪದರ ಕೈ ಸುಡುತ್ತದೆ, ನಡುವಿನ ಭಾಗ ತಣ್ಣಗೆ ಕೂತಿರುತ್ತದೆ.

ಕಾರಣ ಇಷ್ಟೇ. ನೀರಿನಂಶ ಹೆಚ್ಚಿರುವ ಆಹಾರದಲ್ಲಿ ಈ ಅಲೆಗಳು ಒಂದರಿಂದ ಮೂರು ಸೆಂಟಿಮೀಟರ್ ಒಳಹೋಗುವಷ್ಟರಲ್ಲಿ ತಮ್ಮ ಹೆಚ್ಚಿನ ಶಕ್ತಿಯನ್ನು ಕಳೆದುಕೊಂಡಿರುತ್ತವೆ. ಅದಕ್ಕಿಂತ ಒಳಗಿನ ಭಾಗಕ್ಕೆ ಶಾಖ ತಲುಪುವುದು ಹಳೆಯ ದಾರಿಯಲ್ಲೇ, ಬಿಸಿಯಾದ ಪದರದಿಂದ ತಣ್ಣನೆಯ ಪದರಕ್ಕೆ ಮೆಲ್ಲಗೆ ಹರಿದು. ಒಲೆಯ ಮೇಲಿನ ಪಾತ್ರೆಯಲ್ಲಿ ಶಾಖ ತಳದಿಂದ ಬರುತ್ತದೆ. ಇಲ್ಲಿ ಹೊರಗಿನ ಒಂದೆರಡು ಸೆಂಟಿಮೀಟರ್ ದಪ್ಪದ ಪದರವೇ ಒಟ್ಟಿಗೆ ಬಿಸಿಯಾಗುತ್ತದೆ. ವ್ಯತ್ಯಾಸ ಅಷ್ಟು ಮಾತ್ರ.

ಹಪ್ಪಳ ಹೇಳುವ ಸತ್ಯ

ಇನ್ನೊಂದು ತೊಂದರೆಯೂ ಇದೆ. ಉಕ್ಕಿನ ಪೆಟ್ಟಿಗೆಯ ಗೋಡೆಗಳಿಗೆ ಬಡಿದು ಹಿಂದಿರುಗುವ ಅಲೆಗಳು ಒಂದರ ಮೇಲೊಂದು ಬಿದ್ದಾಗ ಕೆಲವು ಜಾಗಗಳಲ್ಲಿ ಬಲ ಕೂಡುತ್ತದೆ, ಕೆಲವು ಜಾಗಗಳಲ್ಲಿ ಕಳೆಯುತ್ತದೆ. ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಹಾಗಾಗಿ ಬಿಸಿ ಜಾಗಗಳು ಸುಮಾರಾಗಿ ಆರು ಸೆಂಟಿಮೀಟರ್ ಅಂತರದಲ್ಲಿ ಬರಬಹುದು.

ನೋಡಬೇಕೆಂದರೆ ತಿರುಗುವ ಗಾಜಿನ ತಟ್ಟೆಯನ್ನು ತಿರುಗದಂತೆ ಮಾಡಿ, ಅದರ ಮೇಲೆ ನಾಲ್ಕೈದು ಉದ್ದಿನ ಹಪ್ಪಳ ಹರಡಿ. ಅರ್ಧ ನಿಮಿಷದಷ್ಟು ಬಿಸಿ ಮಾಡಿ, ಕಣ್ಣಿಟ್ಟು ನೋಡುತ್ತಿರಿ. ಹಪ್ಪಳಗಳು ಒಂದೇ ಸಮ ಅರಳುವುದಿಲ್ಲ. ಅಲ್ಲಲ್ಲಿ ಬಿಳಿಯ ಮಚ್ಚೆಗಳಂತೆ ಉಬ್ಬುತ್ತವೆ, ನಡುನಡುವೆ ಹಸಿಯಾಗಿ ಉಳಿಯುತ್ತವೆ. ನಿಮ್ಮ ಒಲೆಯ ಬಿಸಿ ಜಾಗಗಳ ನಕ್ಷೆ ಅದು. ಕರಕಲಾಗುವ ಮೊದಲೇ ನಿಲ್ಲಿಸುವುದನ್ನು ಮರೆಯಬೇಡಿ.

ತಟ್ಟೆ ತಿರುಗುವುದು ಈ ಅಸಮತೆಯನ್ನು ಕಡಿಮೆ ಮಾಡಲೆಂದೇ. ಆದರೆ ತಿರುಗುವ ತಟ್ಟೆಯ ನಟ್ಟನಡುವೆ ಇಟ್ಟ ಆಹಾರದ ಮಧ್ಯಭಾಗ ಇದ್ದಲ್ಲೇ ಸುತ್ತುತ್ತದೆ. ಅದು ತಣ್ಣನೆಯ ಜಾಗದಲ್ಲಿದ್ದರೆ ಎಷ್ಟು ಸುತ್ತು ಹಾಕಿದರೂ ತಣ್ಣಗೇ ಇರುತ್ತದೆ. ಆದ್ದರಿಂದ ಬಟ್ಟಲನ್ನು ನಡುವಿನಿಂದ ತುಸು ಅಂಚಿಗೆ ಸರಿಸಿ ಇಡುವುದು ಒಳ್ಳೆಯದು.

ಹಬೆ ಬಂದರೆ ಸಾಕೇ?

ವಿಶ್ವ ಆರೋಗ್ಯ ಸಂಸ್ಥೆಯ ಆಹಾರ ಸುರಕ್ಷತೆಯ ಐದು ಸೂತ್ರಗಳಲ್ಲಿ ಒಂದು, ಆಹಾರ ಪೂರ್ತಿಯಾಗಿ 70 ಡಿಗ್ರಿ ಸೆಲ್ಸಿಯಸ್ ತಲುಪಬೇಕು ಎನ್ನುತ್ತದೆ. ಅಮೆರಿಕದ ಕೃಷಿ ಇಲಾಖೆ ಉಳಿದ ಆಹಾರಕ್ಕೆ ಹೇಳುವುದು 74 ಡಿಗ್ರಿ. ನೆನಪಿಗೆ ಸುಲಭವಾಗಲಿ ಎಂದು ನಾವು 75 ಎಂದಿಟ್ಟುಕೊಳ್ಳೋಣ.

ಇಲ್ಲಿ ಬೆಟ್ಟ ಹತ್ತುವವರು ಕೇಳುವ ಒಂದು ಪ್ರಶ್ನೆಗೂ ಉತ್ತರವಿದೆ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆಯಲ್ಲ, ಆಗ ರೋಗಾಣುಗಳು ಸಾಯುತ್ತವೆಯೇ? ಹುತ್ರಿದುರ್ಗದ ತುದಿ ಸಮುದ್ರಮಟ್ಟದಿಂದ ಸುಮಾರು 1,130 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಯಲ್ಲಿ. ಬೆಂಗಳೂರಿನಲ್ಲಿ ಸುಮಾರು 97. ಎರಡೂ 75ಕ್ಕಿಂತ ಎಷ್ಟೋ ಮೇಲಿವೆ. ಹಾಗಾಗಿ ಎತ್ತರದಿಂದ ನಮಗೆ ತೊಂದರೆಯಿಲ್ಲ. ತೊಂದರೆ ಇರುವುದು ಅಸಮತೆಯಲ್ಲಿ. ಬಟ್ಟಲಿನ ಅಂಚಿನಲ್ಲಿ ಹಬೆ ಏಳುತ್ತಿದ್ದರೂ ನಡುವಿನ ಅನ್ನ 40 ಡಿಗ್ರಿಯಲ್ಲೇ ಇರಬಹುದು. ನಾಲಗೆಗೆ ಬೆಚ್ಚಗೆನಿಸುವ, ಬ್ಯಾಕ್ಟೀರಿಯಾಗಳಿಗೂ ಹಿತವೆನಿಸುವ ಬಿಸಿ ಅದು. ಒಂದೆಡೆ ಹಬೆ ಬಂದರೆ ಸಾಲದು. ಕಲಕಿದ ಮೇಲೂ ಎಲ್ಲ ಕಡೆಯಿಂದ ಹಬೆ ಬರಬೇಕು.

ಬಿಸಿಗೆ ಬಗ್ಗದ ವಿಷ

ಈಗ ನಮ್ಮ ಚಿತ್ರಾನ್ನಕ್ಕೆ ಬರೋಣ. ಅದನ್ನು ಚೆನ್ನಾಗಿ ಕಲಕಿ, ಎಲ್ಲ ಕಡೆ 75 ಡಿಗ್ರಿ ದಾಟಿಸಿದ್ದರೆ ಅಂದು ರಾತ್ರಿ ವಾಂತಿ ತಪ್ಪುತ್ತಿತ್ತೇ? ಬಹುಶಃ ಇಲ್ಲ.

ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ಅಕ್ಕಿಯಲ್ಲಿ ಸಾಮಾನ್ಯ. ಇದು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಬೀಜಕವಾಗಿ ಮಲಗಬಲ್ಲದು. ಅನ್ನ ಬೇಯುವಾಗ ಬೇರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಈ ಬೀಜಕಗಳಲ್ಲಿ ಕೆಲವು ಉಳಿದುಬಿಡುತ್ತವೆ. ಅನ್ನ ಆರಿ ಬೆಚ್ಚಗಾದಾಗ ಅವು ಎಚ್ಚರಗೊಳ್ಳುತ್ತವೆ. ತೇವವಿದೆ, ಪಿಷ್ಟವಿದೆ, ಪೈಪೋಟಿಗೆ ಯಾರೂ ಇಲ್ಲ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ. ಬೆಚ್ಚನೆಯ ಅನ್ನದಲ್ಲಿ ಇವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದುಕೊಳ್ಳೋಣ. ಎರಡು ಗಂಟೆಯಲ್ಲಿ ಒಂದು 16 ಆಗುತ್ತದೆ. ಎಂಟು ಗಂಟೆಯಲ್ಲಿ 65,536. ನಮ್ಮ ಡಬ್ಬಿ ಬೆಳಗಿನ ನಾಲ್ಕೂವರೆಯಿಂದ ಸಂಜೆ ಆರರವರೆಗೆ, ಹದಿಮೂರೂವರೆ ಗಂಟೆ ಹೊರಗಿತ್ತು. ಅದರಲ್ಲಿ ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತ ಕಾರಿನೊಳಗೆ.

ಸಂಖ್ಯೆ ಹೆಚ್ಚಾದಾಗ ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಸೆರಿಯುಲೈಡ್ ಎಂಬ ವಿಷವನ್ನು ಆಹಾರದೊಳಗೇ ತಯಾರಿಸುತ್ತವೆ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ತರಿಸುವುದು ಇದೇ. ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗುವುದಿಲ್ಲ. ಅಷ್ಟು ಬಿಸಿ ಮೈಕ್ರೋವೇವಿನ ಅನ್ನಕ್ಕೆ ಸಿಗುವುದಿಲ್ಲ, ಒಲೆಯ ಮೇಲಿನ ಬಾಣಲೆಯಲ್ಲೂ ಅಷ್ಟು ಹೊತ್ತು ಸಿಗುವುದಿಲ್ಲ, ಪ್ರೆಷರ್ ಕುಕ್ಕರಿನ ಕೆಲವು ಸೀಟಿಗಳಲ್ಲಂತೂ ಇಲ್ಲವೇ ಇಲ್ಲ. ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟುಹೋದ ವಿಷ ಉಳಿಯುತ್ತದೆ. ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. "ಮೂಸಿ ನೋಡಿದೆ, ಚೆನ್ನಾಗಿತ್ತು" ಎನ್ನುವುದು ಹಾಗಾಗಿಯೇ ಪುರಾವೆಯಲ್ಲ.

ಹೆಚ್ಚಿನವರಿಗೆ ಇದು ಒಂದು ದಿನದಲ್ಲಿ ವಾಸಿಯಾಗುತ್ತದೆ. ಯಾವಾಗಲೂ ಅಲ್ಲ. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಗೆಟಿಯನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿ ತಿಂದ. ಅದೇ ರಾತ್ರಿ ಮಲಗಿದವನು ಮತ್ತೆ ಏಳಲಿಲ್ಲ. ಉಳಿದಿದ್ದ ಸ್ಪಗೆಟಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಅಪಾರ ಸಂಖ್ಯೆಯಲ್ಲಿತ್ತು. ಈ ಪ್ರಕರಣ 2011ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಎಲ್ಲೆಡೆ ಚರ್ಚೆಯಾಯಿತು. ಇಂಥ ಸಾವು ಬಹಳ ಅಪರೂಪ. ಆದರೆ ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಂಪರು ಕವಿದರೆ ಅಥವಾ ತಿಂದವರು ಪುಟ್ಟ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾಗಿದ್ದರೆ ವೈದ್ಯರ ಬಳಿಗೆ ಹೋಗಲು ತಡಮಾಡಬಾರದು.

ಹಿರಿಯರು ತಂಗಳು ತಿನ್ನುತ್ತಿರಲಿಲ್ಲವೇ?

ತಿನ್ನುತ್ತಿದ್ದರು. ಆದರೆ ಹೇಗೆ ತಿನ್ನುತ್ತಿದ್ದರು ಎಂದು ನೆನಪಿಸಿಕೊಳ್ಳಿ. ರಾತ್ರಿಯ ಅನ್ನಕ್ಕೆ ನೀರು ಹಾಕಿ, ಮಜ್ಜಿಗೆ ಬೆರೆಸಿ ಇಡುತ್ತಿದ್ದರು. ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದರು. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಅನ್ನವನ್ನು ಹುಳಿಯಾಗಿಸುತ್ತವೆ, ಹುಳಿ ಹೆಚ್ಚಿದಷ್ಟೂ ಬ್ಯಾಸಿಲಸ್ ಸಿರಿಯಸ್ ಬೆಳೆಯಲು ಕಷ್ಟ. ದೂರ ಪ್ರಯಾಣಕ್ಕೆ ಪುಳಿಯೋಗರೆ ಕಟ್ಟಿಕೊಡುವುದರ ಹಿಂದೆಯೂ ಇದೇ ಅನುಭವವಿದೆ. ಹುಣಸೆಯ ಗೊಜ್ಜು ಪ್ರತಿ ಅಗುಳಿಗೂ ಹತ್ತಿರುತ್ತದೆ. ಚಿತ್ರಾನ್ನಕ್ಕೆ ಕೊನೆಯಲ್ಲಿ ಹಿಂಡುವ ಅರ್ಧ ನಿಂಬೆಹಣ್ಣು ಅಷ್ಟು ಸಮನಾಗಿ ಹರಡುವುದಿಲ್ಲ. ಮೇಲೆ ಕಾಯಿತುರಿ ಬಿದ್ದರೆ ಅದು ಇನ್ನೂ ಬೇಗ ಹಳಸುತ್ತದೆ.

ಸಾರಿನದೂ ಒಂದು ಪದ್ಧತಿಯಿದೆ. ಬಸ್ಸಾರು ಮಾರನೆಯ ದಿನವೇ ರುಚಿ ಎನ್ನುವವರು ಅದನ್ನು ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ಮರಳಿಸುತ್ತಾರೆ. ಕುದಿಸಿದಾಗ ಆವರೆಗೆ ಮೊಳೆತು ಬೆಳೆದ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಎಣಿಕೆ ಮತ್ತೆ ಕೆಳಗಿನಿಂದ ಶುರುವಾಗುತ್ತದೆ. ಫ್ರಿಜ್ ಇಲ್ಲದ ಕಾಲದ ಜಾಣ ಉಪಾಯವಿದು. ಆದರೆ ಇದು ಖಾತರಿಯಲ್ಲ: ಬೀಜಕಗಳು ಉಳಿದೇ ಇರುತ್ತವೆ, ನಡುವಿನ ಹತ್ತು ಗಂಟೆಗಳಲ್ಲಿ ವಿಷ ತಯಾರಾಗಿದ್ದರೆ ಅದೂ ಉಳಿಯುತ್ತದೆ. ಮಜ್ಜಿಗೆಯೂ ಅಷ್ಟೇ, ದಿನವಿಡೀ ಹೊರಗಿದ್ದ ಅನ್ನಕ್ಕೆ ಸಂಜೆ ಮಜ್ಜಿಗೆ ಸುರಿದರೆ ಆದದ್ದು ಹೋಗುವುದಿಲ್ಲ.

ಫ್ರಿಜ್ಜಿಗೆ ಬಿಸಿ ಪಾತ್ರೆ ಇಡಬಹುದೇ?

"ಪೂರ್ತಿ ಆರಿದ ಮೇಲೇ ಫ್ರಿಜ್ಜಿಗೆ ಇಡಬೇಕು" ಎಂಬ ಮಾತು ಎಷ್ಟೋ ಮನೆಗಳಲ್ಲಿ ಕಾನೂನಿನಂತೆ ನಡೆಯುತ್ತದೆ. ಮಧ್ಯಾಹ್ನ ಮಾಡಿದ ಅನ್ನ ರಾತ್ರಿಯವರೆಗೆ ಕಟ್ಟೆಯ ಮೇಲೆ ಆರುತ್ತಾ ಕೂರುವುದು ಇದರಿಂದಲೇ. ಬೇಯಿಸಿದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪಾಯದ ವಲಯ 5ರಿಂದ 60 ಡಿಗ್ರಿ. ಅನ್ನಕ್ಕೆ ಒಂದು ಗಂಟೆಯ ಮಿತಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಬೆಂಕಿಯಿಂದ ಈಗಷ್ಟೇ ಇಳಿಸಿದ ದೊಡ್ಡ ಪಾತ್ರೆಯನ್ನು ನೇರವಾಗಿ ಒಳಗಿಟ್ಟರೆ ಪಕ್ಕದ ಹಾಲು, ಮೊಸರೂ ಬೆಚ್ಚಗಾಗುತ್ತವೆ ಎನ್ನುವುದು ನಿಜ. ಅದಕ್ಕೆ ಪರಿಹಾರ ಕಾಯುವುದಲ್ಲ, ಹರಡುವುದು. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಹಬೆ ನಿಲ್ಲುತ್ತದೆ. ಸಾರಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿ ಸೌಟಿನಿಂದ ತಿರುವಿ. ಉಗುರುಬೆಚ್ಚಗಾದಾಗ ಚಿಕ್ಕ, ಆಳವಿಲ್ಲದ ಡಬ್ಬಿಗಳಿಗೆ ತುಂಬಿ ಒಳಗಿಡಿ. ಒಂದು ಡಬ್ಬಿ ಎಂದರೆ ಒಬ್ಬರ ಊಟ. ಆಗ ಬೇಕಾದಷ್ಟನ್ನೇ ತೆಗೆದು ಒಮ್ಮೆ ಮಾತ್ರ ಬಿಸಿ ಮಾಡಬಹುದು. ಅನ್ನವನ್ನು ಮಾರನೆಯ ದಿನದೊಳಗೆ, ಸಾರು ಪಲ್ಯಗಳನ್ನು ಮೂರು ದಿನದೊಳಗೆ ಮುಗಿಸಿ.

ಕರೆಂಟು ಹೋಗುವ ಊರುಗಳಿಗೆ ಒಂದು ಮಾತು: ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ರಾತ್ರಿಯಿಡೀ ವಿದ್ಯುತ್ ಇರದಿದ್ದರೆ ಒಳಗಿದ್ದ ಅನ್ನವನ್ನು ಹೊರಗಿದ್ದ ಅನ್ನವೆಂದೇ ಲೆಕ್ಕ ಹಿಡಿಯಬೇಕು.

ಸರಿಯಾಗಿ ಬಿಸಿ ಮಾಡುವ ಕ್ರಮ

ಆಹಾರವನ್ನು ಚೆನ್ನಾಗಿಟ್ಟಿದ್ದರೆ ಉಳಿದ ಕೆಲಸ ಸುಲಭ. ಎಲ್ಲಕ್ಕೂ ಅನ್ವಯಿಸುವ ಐದು ಹೆಜ್ಜೆಗಳು ಇವು.

1. ಗುಡ್ಡೆ ಹಾಕಬೇಡಿ. ತಟ್ಟೆಯಲ್ಲಿ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ನಡುವೆ ಒಂದು ಗುಳಿ ಮಾಡಿ ಬಳೆಯ ಆಕಾರ ಕೊಡಿ. ಅತಿ ನಿಧಾನವಾಗಿ ಬಿಸಿಯಾಗುವ ನಡುಭಾಗವನ್ನೇ ಖಾಲಿ ಮಾಡಿದಂತಾಯಿತು.

2. ಒಣಗಿದ್ದಕ್ಕೆ ನೀರು ಚಿಮುಕಿಸಿ. ಒಂದು ಬಟ್ಟಲು ಅನ್ನಕ್ಕೆ ಒಂದೆರಡು ಚಮಚ ಸಾಕು.

3. ಸಡಿಲವಾಗಿ ಮುಚ್ಚಿ. ಇನ್ನೊಂದು ಪಿಂಗಾಣಿ ತಟ್ಟೆ ಬೋರಲು ಹಾಕಬಹುದು, ಬಾಳೆ ಎಲೆಯ ತುಂಡೂ ಆಗುತ್ತದೆ. ಒಳಗೆ ನಿಂತ ಹಬೆ ತಣ್ಣನೆಯ ಭಾಗಗಳಿಗೂ ಶಾಖ ಮುಟ್ಟಿಸುತ್ತದೆ. ಗಾಳಿಯಾಡದಂತೆ ಬಿಗಿದರೆ ಮುಚ್ಚಳ ಸಿಡಿಯಬಹುದು.

4. ಅರ್ಧ ಸಮಯಕ್ಕೆ ನಿಲ್ಲಿಸಿ ಕಲಕಿ. ಅಂಚಿನದು ನಡುವಿಗೆ, ನಡುವಿನದು ಅಂಚಿಗೆ ಬರಬೇಕು.

5. ಮುಗಿದ ಮೇಲೆ ಒಂದೆರಡು ನಿಮಿಷ ಮುಚ್ಚಿದಂತೆಯೇ ಬಿಡಿ. ಬಿಸಿ ಜಾಗದ ಶಾಖ ತಣ್ಣನೆಯ ಜಾಗಕ್ಕೆ ಹರಿಯುವುದು ಈ ಹೊತ್ತಿನಲ್ಲಿ. ಆಮೇಲೆ ಇನ್ನೊಮ್ಮೆ ಕಲಕಿ ನೋಡಿ.

ನೀರು ಚಿಮುಕಿಸುವುದಕ್ಕೆ ಒಂದು ಕಾರಣವಿದೆ. ಬೆಂದ ಅಕ್ಕಿಯ ಪಿಷ್ಟ ಫ್ರಿಜ್ಜಿನ ತಂಪಿನಲ್ಲಿ ಮತ್ತೆ ಬಿಗಿಯಾಗಿ ಜೋಡಿಸಿಕೊಳ್ಳುತ್ತದೆ. ಅಗುಳು ಮರಳಿನಂತಾಗುವುದು ಅದರಿಂದ. ತೇವ ಮತ್ತು ಬಿಸಿ ಸೇರಿದಾಗ ಆ ಜೋಡಣೆ ಸಡಿಲವಾಗಿ ಅನ್ನ ಮತ್ತೆ ಮೆತ್ತಗಾಗುತ್ತದೆ. ಮುದ್ದೆಯದೂ ಇದೇ ಕಥೆ. ಅದನ್ನು ನಾಲ್ಕಾರು ತುಂಡು ಮಾಡಿ, ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ, ನೀರು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿದ ಮೇಲೆ ಒದ್ದೆ ಕೈಯಲ್ಲಿ ಮತ್ತೆ ಉಂಡೆ ಕಟ್ಟಿ.

ಚಪಾತಿಗೆ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ ಸುತ್ತಿ, ಒಮ್ಮೆಗೆ ಒಂದೆರಡನ್ನು 15ರಿಂದ 20 ಸೆಕೆಂಡು ಇಟ್ಟರೆ ಸಾಕು. ಹೆಚ್ಚಾದರೆ ನೀರಿನಂಶ ಹೋಗಿ ಚರ್ಮದಂತೆ ನಾರಾಗುತ್ತದೆ. ವಡೆ, ಬೋಂಡಗಳು ಮೈಕ್ರೋವೇವಿನಲ್ಲಿ ಮೆತ್ತಗಾಗುತ್ತವೆ, ಗರಿಗರಿ ಬೇಕೆಂದರೆ ಕಾವಲಿಯೇ ಸರಿ. ಬೇಯಿಸಿದ ಇಡೀ ಮೊಟ್ಟೆಯನ್ನು ಎಂದೂ ಇಡಬೇಡಿ. ಒಳಗೆ ಸಿಕ್ಕಿಕೊಂಡ ಹಬೆ ಅದನ್ನು ಕೆಲವೊಮ್ಮೆ ಹೊರತೆಗೆದ ಮೇಲೆ, ಬಾಯಿಗಿಡುವಾಗಲೂ ಸಿಡಿಸುತ್ತದೆ. ಮಗುವಿನ ಹಾಲಿನ ಬಾಟಲಿಯೂ ಬೇಡ. ಬಾಟಲಿ ಮುಟ್ಟಲು ಹಿತವಾಗಿದ್ದರೂ ಒಳಗಿನ ಹಾಲು ಕೆಲವೆಡೆ ಬಾಯಿ ಸುಡುವಷ್ಟು ಬಿಸಿಯಾಗಿರಬಹುದು.

ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಡಬ್ಬಿ

ನಮ್ಮ ಊಟದ ಡಬ್ಬಿಗಳೆಲ್ಲ ಸ್ಟೀಲಿನವು. ಲೋಹ ಈ ಅಲೆಗಳನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಮುಚ್ಚಿದ ಸ್ಟೀಲ್ ಡಬ್ಬಿಯೊಳಗಿನ ಅನ್ನಕ್ಕೆ ಅಲೆ ಮುಟ್ಟುವುದೇ ಇಲ್ಲ. ತೆಳುವಾದ ಅಂಚು, ಚಮಚದ ಮುಳ್ಳು, ಸುಕ್ಕಾದ ಅಲ್ಯೂಮಿನಿಯಂ ಹಾಳೆ, ಚಿನ್ನದ ಗೆರೆಯ ಕಪ್ಪು ಇವುಗಳಲ್ಲಿ ಕಿಡಿ ಹಾರುತ್ತದೆ. ಗಾಜು ಅಥವಾ ಪಿಂಗಾಣಿಯ ಬಟ್ಟಲಿಗೆ ಬಗ್ಗಿಸಿಕೊಳ್ಳುವುದೇ ಸರಿಯಾದ ದಾರಿ.

ಹೋಟೆಲಿನ ಪಾರ್ಸೆಲ್ ಬರುವ ತೆಳು ಪ್ಲಾಸ್ಟಿಕ್ ಡಬ್ಬಿಗಳನ್ನು ಬಿಸಿ ಮಾಡಲು ಬಳಸಬೇಡಿ. ಎಣ್ಣೆ ನೀರಿಗಿಂತ ಹೆಚ್ಚಿನ ಬಿಸಿ ತಲುಪಬಲ್ಲದು. ಎಣ್ಣೆ ತೇಲುವ ಸಾರು ಡಬ್ಬಿಯ ಗೋಡೆಯನ್ನು ಮೆತ್ತಗೆ ಮಾಡಿ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಊಟಕ್ಕೆ ಸೇರಲು ದಾರಿ ಮಾಡಿಕೊಡುತ್ತದೆ. ಮೈಕ್ರೋವೇವಿಗೆ ತಕ್ಕದ್ದು ಎಂಬ ಗುರುತಿದ್ದರೂ ಡಬ್ಬಿ ಗೀರಾಗಿ ಹಳತಾಗಿದ್ದರೆ ಬಿಟ್ಟುಬಿಡುವುದು ಒಳ್ಳೆಯದು.

ಕರೆಂಟೋ, ಗ್ಯಾಸೋ?

ಒಂದು ತಟ್ಟೆಯಲ್ಲಿ 300 ಗ್ರಾಂ ಅನ್ನ, ಸಾರು ಇದೆ ಎಂದುಕೊಳ್ಳಿ. ಫ್ರಿಜ್ಜಿನ 5 ಡಿಗ್ರಿಯಿಂದ 75ಕ್ಕೆ ಏರಿಸಲು ಸುಮಾರು 73 ಕಿಲೋಜೂಲ್ ಶಾಖ ಬೇಕು. 800 ವಾಟ್‌ನ ಒಲೆ ಇದನ್ನು ಒಂದೂವರೆ ನಿಮಿಷದಲ್ಲಿ ಕೊಡುತ್ತದೆ, ಸೋರಿಕೆ ಸೇರಿಸಿ ಎರಡು ನಿಮಿಷ ಎನ್ನಿ. 800 ವಾಟ್ ಎಂದರೆ ಆಹಾರಕ್ಕೆ ಸಿಗುವ ಶಕ್ತಿ. ಗೋಡೆಯ ಪ್ಲಗ್ಗಿನಿಂದ ಅದು ಸುಮಾರು 1,200 ವಾಟ್ ಎಳೆಯುತ್ತದೆ. ಎರಡು ನಿಮಿಷಕ್ಕೆ 0.04 ಯೂನಿಟ್. ಅಂದರೆ ಇಂಥ 25 ತಟ್ಟೆಗಳಿಗೆ ಒಂದು ಯೂನಿಟ್. ಇದೇ ತಟ್ಟೆಯನ್ನು ಗ್ಯಾಸಿನ ಮೇಲೆ ಬಿಸಿ ಮಾಡಲು ಎರಡು ಪಾತ್ರೆ ಬೇಕು, ಆ ಪಾತ್ರೆಗಳೂ ಬಿಸಿಯಾಗಬೇಕು, ಆಮೇಲೆ ತೊಳೆಯಬೇಕು.

ಆದರೆ ಮನೆಮಂದಿಗೆಲ್ಲ ಆಗುವ ಒಂದೂವರೆ ಲೀಟರ್ ಸಾರಿಗೆ ಲೆಕ್ಕ ತಿರುಗುತ್ತದೆ. ಮೈಕ್ರೋವೇವಿನಲ್ಲಿ ಪ್ರಮಾಣ ಐದು ಪಟ್ಟಾದರೆ ಸಮಯವೂ ಹತ್ತಿರಹತ್ತಿರ ಐದು ಪಟ್ಟು. ಅಂದರೆ ಒಂಬತ್ತು ಹತ್ತು ನಿಮಿಷ, ನಡುವೆ ಮೂರು ಸಲ ಕಲಕುವ ಕೆಲಸ. ಗ್ಯಾಸಿನ ದೊಡ್ಡ ಬರ್ನರ್ ಇದನ್ನು ಇನ್ನೂ ಬೇಗ, ಸಮನಾಗಿ ಕುದಿಸುತ್ತದೆ. ಒಬ್ಬರ ಊಟಕ್ಕೆ ಮೈಕ್ರೋವೇವ್, ಮನೆಯವರೆಲ್ಲರ ಊಟಕ್ಕೆ ಒಲೆ ಎಂದಿಟ್ಟುಕೊಂಡರೆ ತಪ್ಪಾಗದು.

ವಿಕಿರಣದ ಭಯ

"ಮೈಕ್ರೋವೇವ್ ಊಟದಲ್ಲಿ ವಿಕಿರಣ ಉಳಿಯುತ್ತದೆ" ಎನ್ನುವುದು ಸುಳ್ಳು. ಈ ಅಲೆಗಳು ರೇಡಿಯೋ ಅಲೆಗಳ ಬಂಧುಗಳು. ಎಕ್ಸ್‌ರೇಯಂತೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿ ಇವಕ್ಕಿಲ್ಲ. ಲೈಟು ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ, ಒಲೆ ನಿಂತ ಕೂಡಲೇ ಅಲೆಗಳೂ ಇಲ್ಲವಾಗುತ್ತವೆ. ಬಾಗಿಲಿನ ಜಾಲರಿಯ ತೂತುಗಳು ಒಂದೆರಡು ಮಿಲಿಮೀಟರಿನವು, ಅಲೆಯ ಉದ್ದ 12 ಸೆಂಟಿಮೀಟರ್. ಹಾಗಾಗಿ ಬೆಳಕು ಹೊರಬಂದರೂ ಅಲೆ ಬರುವುದಿಲ್ಲ. ಬಾಗಿಲು ಸೊಟ್ಟಗಾಗಿದ್ದರೆ, ಅಂಚು ಮುರಿದಿದ್ದರೆ ಮಾತ್ರ ರಿಪೇರಿಯಾಗುವವರೆಗೆ ಬಳಸಬೇಡಿ.

ಪೌಷ್ಟಿಕಾಂಶದ ವಿಚಾರವೂ ಹೀಗೇ. ಸಿ ಜೀವಸತ್ವದಂಥವು ಯಾವ ಬಿಸಿಗಾದರೂ ಕಡಿಮೆಯಾಗುತ್ತವೆ, ಹೆಚ್ಚು ನೀರು, ಹೆಚ್ಚು ಹೊತ್ತು ಎಂದರೆ ಹೆಚ್ಚು ನಷ್ಟ. ಎರಡು ನಿಮಿಷದಲ್ಲಿ ಮುಗಿಯುವ ಕೆಲಸದಲ್ಲಿ ನಷ್ಟ ಸಾಮಾನ್ಯವಾಗಿ ಒಲೆಗಿಂತ ಹೆಚ್ಚೇನೂ ಆಗದು.

ಅಂದರೆ ಜನ ಹೆದರುವ ಕಡೆ ಅಪಾಯವಿಲ್ಲ. ಅಪಾಯ ಇದ್ದದ್ದು ಬಟನ್ ಒತ್ತುವುದಕ್ಕೂ ಮುಂಚಿನ ಹದಿಮೂರೂವರೆ ಗಂಟೆಗಳಲ್ಲಿ, ಯಾರೂ ಗಮನಿಸದ ಆ ಡಬ್ಬಿಯಲ್ಲಿ.

ನಾವು ಈಗಲೂ ಹುತ್ರಿದುರ್ಗಕ್ಕೆ ಹೋಗುತ್ತೇವೆ. ಬುತ್ತಿ ಪುಳಿಯೋಗರೆಯದು, ತಿಂದು ಮುಗಿಯುವಷ್ಟೇ ಕಟ್ಟುತ್ತೇವೆ. ಮನೆಯಲ್ಲಿ ಹಿಂದಿನ ದಿನವೇ ಹರಡಿ, ತಣಿಸಿ, ಫ್ರಿಜ್ಜಿನಲ್ಲಿಟ್ಟ ಅನ್ನದ ಚಿಕ್ಕ ಡಬ್ಬಿಗಳು ಕಾಯುತ್ತಿರುತ್ತವೆ. ಸಂಜೆ ಹಿಂದಿರುಗಿ ಎರಡು ಚಮಚ ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಒಂದು ನಿಮಿಷ, ಕಲಕಿ, ಇನ್ನೊಂದು ನಿಮಿಷ. ಕಾಲು ಚಾಚಿ ಕೂರುವಷ್ಟರಲ್ಲಿ ಊಟ ಸಿದ್ಧ. ಅಪ್ಪಿತಪ್ಪಿ ಬೆಟ್ಟದಿಂದ ಅರ್ಧ ಡಬ್ಬಿ ವಾಪಸು ಬಂದರೆ ಮನಸ್ಸು ಗಟ್ಟಿ ಮಾಡಿಕೊಂಡು ಗೊಬ್ಬರದ ಬುಟ್ಟಿಗೆ ಹಾಕುತ್ತೇವೆ.